ಹಿಂದಿನ ಕೋಣೆಯ ಕ್ಯಾಮೆರಾ

ಮೈಥಿಲಿಗೆ ಹಾಲಿನ ಮೇಲೂ ನಂಬಿಕೆಯಿಲ್ಲ ಎಂದು ಮೈಸೂರಿನಲ್ಲಿ ಅವಳ ತಾಯಿ ಆಡಿಕೊಳ್ಳುತ್ತಿದ್ದರು. ಕಾಯಿಸುವ ಮೊದಲು ಒಮ್ಮೆ ಮೂಸಬೇಕು. ಮಲಗುವ ಮೊದಲು ಗ್ಯಾಸ್ ಆರಿಸಿದೆಯೇ ಎಂದು ಎದ್ದುಹೋಗಿ ಮುಟ್ಟಿ ನೋಡಬೇಕು. ಬಾಗಿಲಿಗೆ ಚಿಲಕ ಹಾಕಿದವರು ಅಪ್ಪನೇ ಆದರೂ ತಾನೊಮ್ಮೆ ಎಳೆದು ನೋಡಬೇಕು. ಮದುವೆಯಾಗಿ ಸಾಂಟಾ ಕ್ಲಾರಾಕ್ಕೆ ಬಂದು ಇಪ್ಪತ್ತು ವರ್ಷ ದಾಟಿದರೂ ಆ ಗುಣ ಅವಳನ್ನು ಬಿಟ್ಟಿರಲಿಲ್ಲ. ಗಂಡ ಶೇಷಾದ್ರಿ ಚಿಪ್ ಕಂಪನಿಯೊಂದರಲ್ಲಿ ಎಂಜಿನಿಯರು. ತಯಾರಾದ ಚಿಪ್ಪಿನಲ್ಲಿ ತಪ್ಪು ಹುಡುಕುವುದೇ ಅವನ ಕೆಲಸ. ಆದರೆ ಮನೆಗೆ ಬಂದರೆ ಅವನಷ್ಟು ನಂಬುವ ಮನುಷ್ಯ ಇನ್ನೊಬ್ಬನಿಲ್ಲ. ಮನೆಯೊಳಗೆ ತಪ್ಪು ಹುಡುಕುವ ಹೊಣೆಯನ್ನು ಅವನು ಹೆಂಡತಿಗೆ ಬಿಟ್ಟುಕೊಟ್ಟಿದ್ದ.

ವೀಸಾದ ಕಟ್ಟಳೆಯಿಂದ ಹಲವು ವರ್ಷ ಅವಳು ಕೆಲಸ ಮಾಡುವಂತಿರಲಿಲ್ಲ. ಗ್ರೀನ್ ಕಾರ್ಡು ಕೈಗೆ ಬಂದದ್ದೇ ತಡ, ಮನೆಯ ಮುಂದಿನ ದೊಡ್ಡ ಕೋಣೆಯನ್ನು ಖಾಲಿ ಮಾಡಿ, ನೆಲಕ್ಕೆ ಮೆತ್ತನೆಯ ಹಾಸು ಹಾಕಿಸಿ ಡೇಕೇರು ತೆರೆದಳು. ಅಲ್ಲಿ ಅವಳ ಸಂಶಯವೇ ಬಂಡವಾಳವಾಯಿತು. ದ್ರಾಕ್ಷಿಯನ್ನು ಉದ್ದುದ್ದ ಸೀಳದೆ ಮಗುವಿನ ಕೈಗೆ ಕೊಡುತ್ತಿರಲಿಲ್ಲ. ಬಿಸಿನೀರಿನ ನಲ್ಲಿ, ಗೊಂಬೆಯ ಅಂಗಿಯ ಗುಂಡಿ, ಬೇಲಿಯ ಸಂದು, ಹೊಸದಾಗಿ ನಾಯಿ ಸಾಕಿದ ನೆರೆಮನೆ, ಎಲ್ಲದರ ಮೇಲೂ ಒಂದು ಕಣ್ಣು. ಗೋಡೆಯ ಮೂಲೆಗಳಲ್ಲಿ ಪುಟ್ಟ ಕ್ಯಾಮೆರಾಗಳನ್ನು ಕೂರಿಸಿದ್ದಳು. ಹತ್ತಿರದ ಮೌಂಟನ್ ವ್ಯೂನ ಆಫೀಸುಗಳಲ್ಲಿ ಕೂತ ಅಪ್ಪ ಅಮ್ಮಂದಿರು ಮೀಟಿಂಗಿನ ನಡುವೆ ಫೋನು ತೆರೆದು, ತಮ್ಮ ಮಗು ಮಲಗಿದೆಯೋ ಅಳುತ್ತಿದೆಯೋ ನೋಡಿಕೊಳ್ಳಬಹುದಿತ್ತು. ಮೈಥಿಲಿ ಆಂಟಿಯ ಹತ್ತಿರ ಬಿಟ್ಟರೆ ಚಿಂತೆಯಿಲ್ಲ ಎಂಬ ಮಾತು ಕನ್ನಡದವರಲ್ಲಿ ಹಬ್ಬಿತ್ತು.

ಆ ಮನೆಯ ಹಿಂದಿನ ಕೋಣೆಯಲ್ಲಿ ಬೆಳೆದವನು ಅವಳ ಒಬ್ಬನೇ ಮಗ ಸುಜಯ್. ಅವನಿಗೆ ಅಮ್ಮ ಸಿಕ್ಕಿದ್ದು ಬೇರೆಯವರ ಮಕ್ಕಳ ಜೊತೆ ಪಾಲಿನಲ್ಲಿ. ಕೋವಿಡ್ ಬಂದು ಶಾಲೆ ಮುಚ್ಚಿದಾಗ ಅವನಿಗೆ ಹನ್ನೆರಡು ವರ್ಷ. ಗೋಡೆಯ ಆಚೆ ಎಳೆಮಕ್ಕಳು ಅಳುತ್ತಿದ್ದರೆ ಈಚೆ ಇವನು ಕಿವಿಗೆ ಹೆಡ್‌ಫೋನು ಸಿಕ್ಕಿಸಿ, ಲ್ಯಾಪ್‌ಟಾಪಿನ ಮುಂದೆ ಇಡೀ ದಿನ ಒಬ್ಬನೇ ಕೂರುತ್ತಿದ್ದ. ಶಾಲೆ ಮತ್ತೆ ತೆರೆದರೂ ಆ ಹೆಡ್‌ಫೋನು ಕಿವಿಯಿಂದ ಇಳಿಯಲಿಲ್ಲ. ಹೈಸ್ಕೂಲಿಗೆ ಬರುವಷ್ಟರಲ್ಲಿ ಓಟ ಶುರುವಾಗಿತ್ತು. ಯಾರ ಮನೆಯ ಪೂಜೆಗೆ ಹೋದರೂ ಮಂಗಳಾರತಿಗಿಂತ ಮೊದಲು ಬರುವ ಪ್ರಶ್ನೆ, ನಿಮ್ಮ ಮಗ ಕಾಲೇಜು ಮಟ್ಟದ ಎಪಿ ಕ್ಲಾಸು ಎಷ್ಟು ತಗೊಂಡಿದ್ದಾನೆ ಎಂದು. ಸುಜಯ್ ಎಲ್ಲರಂತೆ ತಗೊಂಡಿದ್ದ. ಎಲ್ಲರಂತೆ ನಿದ್ದೆಗೆಟ್ಟಿದ್ದ. ಅಮ್ಮನ ಕನ್ನಡ ಅವನಿಗೆ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ಅದೂ ಎರಡು ಮೂರು ಮಾತಿನಲ್ಲಿ ಮುಗಿಯುತ್ತಿತ್ತು.

ಅವನಿಗೆ ಹದಿನೇಳು ನಡೆಯುತ್ತಿದ್ದ ವರ್ಷ, ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ಡೇಕೇರಿನ ಎರಡು ವರ್ಷದ ಮಗುವೊಂದು ಸೋಫಾದ ಸಂದಿಗೆ ಕೈ ತೂರಿಸಿ ಏನನ್ನೋ ಹೊರಗೆ ಎಳೆಯಿತು. ಬಾಯಿಗೆ ಹೋಗುವ ಮೊದಲೇ ಮೈಥಿಲಿ ಕಿತ್ತುಕೊಂಡಳು. ಮೊದಲು ನೋಡಿದಾಗ ಪೆನ್‌ಡ್ರೈವ್ ಅನ್ನಿಸಿತು. ತುದಿಯಲ್ಲೊಂದು ತೂತಿತ್ತು, ಒಳಗೆ ಜೇನಿನಂಥ ದಪ್ಪ ಎಣ್ಣೆ. ಅಭ್ಯಾಸದಂತೆ ಮೂಸಿ ನೋಡಿದಳು. ಕೊಳೆತ ಮಾವಿನಹಣ್ಣಿನ ಜೊತೆ ಇನ್ನೇನೋ ಒಂದು ಕಮಟು ವಾಸನೆ. ಮಕ್ಕಳು ಮಲಗಿದ ಮೇಲೆ ಬಚ್ಚಲಿಗೆ ಹೋಗಿ ಫೋನಿನಲ್ಲಿ ಹುಡುಕಿದಾಗ ಗೊತ್ತಾಯಿತು. ಗಾಂಜಾದ ಎಣ್ಣೆ. ಆ ಎಣ್ಣೆಯನ್ನು ಕಾಯಿಸಿ ಆವಿ ಎಳೆಯುವ ಸಾಧನ.

ಇಪ್ಪತ್ತೊಂದು ದಾಟಿದವರಿಗೆ ಈ ಊರಿನಲ್ಲಿ ಅದು ಅಂಗಡಿಯಲ್ಲೇ ಸಿಗುತ್ತದೆ ಎಂಬುದು ಅವಳಿಗೆ ತಿಳಿದಿತ್ತು. ಆದರೆ ಎಳೆಮಕ್ಕಳಿರುವ ಮನೆಯಲ್ಲಿ ಸಿಕ್ಕಿತೆಂದರೆ ಡೇಕೇರಿನ ಲೈಸೆನ್ಸೂ ಹೋಗುತ್ತದೆ, ಹೆಸರೂ ಹೋಗುತ್ತದೆ. ಯಾರು ತಂದಿರಬಹುದು ಎಂಬ ಪ್ರಶ್ನೆಗೆ ಅವಳ ಮನಸ್ಸು ಸೀದಾ ರಮ್ಶಾಳ ಕಡೆ ತಿರುಗಿತು.

ರಮ್ಶಾ ಅವಳ ಸಹಾಯಕಿ. ತಂದೆ ಬಶೀರ್, ತಾಯಿ ಕನೀಜ್, ಬೆಂಗಳೂರಿನಿಂದ ಬಂದು ಪಕ್ಕದ ಕ್ಯಾಂಪ್‌ಬೆಲ್‌ನಲ್ಲಿ ನೆಲೆಸಿದವರು. ಹುಡುಗಿ ಕಾಲೇಜಿನಲ್ಲಿ ಮಕ್ಕಳ ಶಿಕ್ಷಣ ಓದುತ್ತ, ದಿನದ ಅರ್ಧ ಹೊತ್ತು ಇಲ್ಲಿ ಕೆಲಸ ಮಾಡುತ್ತಿದ್ದಳು. ಅವಳ ತೊಡೆಯ ಮೇಲೆ ಮಲಗಿದರೆ ಎಂಥ ಹಟಮಾರಿ ಮಗುವಿಗೂ ನಿದ್ದೆ ಬರುತ್ತಿತ್ತು. ಆದರೆ ಮಕ್ಕಳು ಮಲಗಿದ ಹೊತ್ತಿನಲ್ಲಿ ಅವಳು ಹೊರಗೆ ಹೋಗಿ ಕಾರಿನಲ್ಲಿ ಕೂರುತ್ತಿದ್ದಳು. ಇಷ್ಟು ದಿನ ಅದು ಯಾರಿಗೂ ತಪ್ಪಾಗಿ ಕಂಡಿರಲಿಲ್ಲ. ಈಗ ಮೈಥಿಲಿಗೆ ಅದೇ ದೊಡ್ಡದಾಗಿ ಕಂಡಿತು. ರಮ್ಶಾ ಅಡುಗೆಮನೆಯಲ್ಲಿ ಬಟ್ಟಲು ತೊಳೆಯುತ್ತಿರುವಾಗ ಅವಳ ಕೈಚೀಲದ ಜಿಪ್ಪು ಎಳೆದು ನೋಡಿದಳು. ಏನೂ ಸಿಗಲಿಲ್ಲ. ತಲೆಯೆತ್ತಿದರೆ ರಮ್ಶಾ ಬಾಗಿಲಲ್ಲಿ ನಿಂತಿದ್ದಳು.

ಮೈಥಿಲಿ ಮುಚ್ಚುಮರೆ ಮಾಡದೆ ಆ ವಸ್ತುವನ್ನು ತೋರಿಸಿ ಇದು ಯಾರದ್ದು ಎಂದು ಕೇಳಿದಳು. ರಮ್ಶಾಳ ಮುಖ ಕೆಂಪಾಯಿತು.

"ನನ್ನದಲ್ಲ ಆಂಟಿ. ಯಾರದ್ದು ಅಂತ ನನ್ನ ಬಾಯಲ್ಲಿ ಹೇಳಿಸಬೇಡಿ."

ಕಳ್ಳಿಯ ಜಾಣತನ ಎಂದುಕೊಂಡಳು ಮೈಥಿಲಿ. ಮಾರನೆಯ ದಿನ ರಮ್ಶಾ ಬರಲಿಲ್ಲ. ಇನ್ನು ಬರುವುದಿಲ್ಲ ಎಂದು ಮರ್ಯಾದೆಯ ನಾಲ್ಕು ಸಾಲಿನ ಮೆಸೇಜು ಬಂತು. ಅದನ್ನು ಓದುತ್ತಿರುವಾಗ ಮೈಥಿಲಿಗೆ ಆ ಮಾತಿನ ಅರ್ಥ ತಟ್ಟನೆ ಹೊಳೆಯಿತು. ಯಾರ ಹೆಸರು ಹೇಳಲು ರಮ್ಶಾ ಹಿಂಜರಿಯಬೇಕೋ ಅಂಥವನು ಆ ಮನೆಯಲ್ಲಿ ಒಬ್ಬನೇ, ಸುಜಯ್.

ಅಂದು ಸಂಜೆ ಸುಜಯ್ ಬಂದಾಗ ಸುಮ್ಮನೆ ಮೇಜಿನ ಮೇಲೆ ಅದನ್ನಿಟ್ಟಳು. ಅವನು ಅದನ್ನೊಮ್ಮೆ ನೋಡಿ, ಫ್ರೆಂಡ್ ಬಿಟ್ಟುಹೋಗಿದ್ದು, ತನಗೇನೂ ಗೊತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿ ಒಳಗೆ ಹೋದ. ಶೇಷಾದ್ರಿಗೆ ಹೇಳಿದರೆ ಅವನು, ಹುಡುಗ ಅಂದಮೇಲೆ ಈ ವಯಸ್ಸಿನಲ್ಲಿ ಇವೆಲ್ಲ ಕಣ್ಣಿಗೆ ಬೀಳುತ್ತವೆ, ಅವನು ಮುಟ್ಟಿಲ್ಲ ಅಂದಮೇಲೆ ಮುಟ್ಟಿಲ್ಲ ಎಂದುಬಿಟ್ಟ. ಮೈಥಿಲಿ ವಾದ ಮಾಡಲಿಲ್ಲ. ಅವಳಿಗೆ ಉತ್ತರ ಬೇಕಿರಲಿಲ್ಲ, ಸಾಕ್ಷಿ ಬೇಕಿತ್ತು.

ಅಲ್ಲಿಂದ ಅವಳ ದಿನಗಳೇ ಬೇರೆಯಾದವು. ಮಗ ಶಾಲೆಗೆ ಹೋದಮೇಲೆ ಅವನ ಬಟ್ಟೆಗಳನ್ನು ಒಗೆಯಲು ಹಾಕುವ ಮೊದಲು ಒಂದೊಂದಾಗಿ ಮೂಸಿದಳು. ಅವನ ಫೋನು ಎಲ್ಲಿದೆ ಎಂದು ತೋರಿಸುವ ಆ್ಯಪ್ ಹಾಕಿಕೊಂಡಳು. ಅವನ ಕಣ್ಣಿನ ಕೆಂಪು, ಊಟದ ಪ್ರಮಾಣ, ಬಚ್ಚಲಿನಲ್ಲಿ ಕಳೆಯುವ ಹೊತ್ತು, ಎಲ್ಲವೂ ಅವಳ ಲೆಕ್ಕಕ್ಕೆ ಬಂದವು. ಇಷ್ಟಾದರೂ ಗಟ್ಟಿಯಾಗಿ ಹಿಡಿಯಲು ಏನೂ ಸಿಗಲಿಲ್ಲ. ಒಂದು ಬೆಳಗ್ಗೆ ಡೇಕೇರಿನ ಕ್ಯಾಮೆರಾಗಳಲ್ಲಿ ಮಿಕ್ಕಿದ್ದ ಒಂದನ್ನು ತಂದು, ಮಗನ ಕೋಣೆಯ ಕಪಾಟಿನಲ್ಲಿ, ಪರೀಕ್ಷೆಯ ದಪ್ಪ ಪುಸ್ತಕಗಳಿಗೂ ರೋಬೋಟಿಕ್ಸ್‌ನಲ್ಲಿ ಗೆದ್ದ ಕಪ್ಪಿಗೂ ನಡುವೆ ಇಟ್ಟಳು. ಕಡಲೆಕಾಳಿನಷ್ಟು ಕಣ್ಣು, ಅಷ್ಟೆ. ಗಂಡನಿಗೆ ಹೇಳಲಿಲ್ಲ.

ಸಂಜೆ ಮಕ್ಕಳಿಗೆ ಖಿಚಡಿ ಕಲಸುತ್ತ ಫೋನಿನ ಪರದೆಯಲ್ಲಿ ಮಗನನ್ನು ನೋಡುವುದು ಅಭ್ಯಾಸವಾಯಿತು. ಅವಳು ಹುಡುಕುತ್ತಿದ್ದದ್ದು ಸಿಕ್ಕಿತು. ಶೂ ಡಬ್ಬದಿಂದ ತೆಗೆಯುತ್ತಿದ್ದ, ಕಿಟಕಿ ತೆರೆದು ಎರಡು ಸಲ ಎಳೆಯುತ್ತಿದ್ದ, ಆವಿಯನ್ನು ಹೊರಗೆ ಬಿಡುತ್ತಿದ್ದ. ಆದರೆ ಅವಳು ಹುಡುಕದಿದ್ದದ್ದೂ ಕಂಡಿತು. ಪುಸ್ತಕ ತೆರೆದಿಟ್ಟುಕೊಂಡು ಒಂದು ಪುಟವನ್ನೂ ತಿರುಗಿಸದೆ ಕೂತಿರುತ್ತಿದ್ದ. ಎರಡೂ ಅಂಗೈಗಳಿಂದ ಹಣೆ ಒತ್ತಿಕೊಳ್ಳುತ್ತಿದ್ದ. ಹಾಸಿಗೆಯ ಮೇಲೆ ಬಿದ್ದುಕೊಂಡರೂ ಕಣ್ಣು ಮುಚ್ಚುತ್ತಿರಲಿಲ್ಲ. ಇದನ್ನು ನೋಡಿದಾಗ ಬಾಗಿಲು ತಟ್ಟಿ ಒಳಗೆ ಹೋಗೋಣ ಎಂದು ಏಳುತ್ತಿದ್ದಳು. ಹೋದರೆ ಹೇಗೆ ಗೊತ್ತಾಯಿತು ಎಂದು ಕೇಳುತ್ತಾನಲ್ಲ ಎಂದು ಮತ್ತೆ ಕೂರುತ್ತಿದ್ದಳು.

ಅದರ ಬದಲು ಅವಳು ಮಾಡಿದ್ದು ಇನ್ನೊಂದು. ಅವನು ಶಾಲೆಗೆ ಹೋದ ಕೂಡಲೇ ಶೂ ಡಬ್ಬದೊಳಗಿನ ವಸ್ತುವನ್ನು ತೆಗೆದು ಎಸೆದಳು. ಅವನು ಹೊಸದನ್ನು ತಂದು ಗಿಟಾರಿನ ಪೆಟ್ಟಿಗೆಯಲ್ಲಿಟ್ಟ. ಅದೂ ಹೋಯಿತು. ಗೋಡೆಯ ಗಾಳಿಕಿಂಡಿಯ ಜಾಲರಿ ಬಿಚ್ಚಿ ಅದರೊಳಗಿಟ್ಟ. ಅದೂ ಹೋಯಿತು. ಅವನು ಕೇಳಲಿಲ್ಲ, ಕೇಳಿದರೆ ಒಪ್ಪಿಕೊಂಡಂತಾಗುತ್ತಿತ್ತು. ಅವಳು ಹೇಳಲಿಲ್ಲ, ಹೇಳಿದರೆ ಕ್ಯಾಮೆರಾ ಬಯಲಾಗುತ್ತಿತ್ತು. ಊಟದ ಮೇಜಿನಲ್ಲಿ ಇಬ್ಬರೂ ಎದುರುಬದುರು ಕೂತು, ಪರೀಕ್ಷೆ ಹೇಗಾಯಿತು, ಚೆನ್ನಾಗಾಯಿತು ಎಂದು ಮಾತಾಡಿಕೊಂಡು ಏಳುತ್ತಿದ್ದರು.

ಮೇ ತಿಂಗಳ ಹೊತ್ತಿಗೆ ಸುಜಯ್ ಬದಲಾದ. ಲ್ಯಾಪ್‌ಟಾಪಿನ ಕ್ಯಾಮೆರಾಕ್ಕೆ ಟೇಪು ಅಂಟಿಸಿದ. ಫೋನನ್ನು ಗ್ಯಾರೇಜಿನಲ್ಲಿ ಬಿಟ್ಟು ಒಳಗೆ ಬರತೊಡಗಿದ. ಕಿಟಕಿಗೆ ದಪ್ಪ ಹೊದಿಕೆ ತೂಗುಹಾಕಿದ. ನನ್ನ ರೂಮಿಗೆ ಯಾರು ಹೋಗಿದ್ದರು ಎಂದು ಒಮ್ಮೆ ಕೇಳಿದ. ಮೈಥಿಲಿ ಯಾರೂ ಇಲ್ಲ ಎಂದಳು. ಇನ್ನೊಮ್ಮೆ ಕೇಳಿದಾಗಲೂ ಅದನ್ನೇ ಹೇಳಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂದುಕೊಂಡಳು ಮನಸ್ಸಿನಲ್ಲಿ. ತಪ್ಪು ಮಾಡುವವನಿಗೆ ಹೆದರಿಕೆ ಇದ್ದದ್ದೇ, ಹೆದರಲಿ, ಹೆದರಿದರೆ ಬಿಟ್ಟಾನು ಎಂಬುದು ಅವಳ ಎಣಿಕೆ.

ಆಮೇಲೆ ಅವನು ಅವಳ ಅಡುಗೆ ಬಿಟ್ಟ. ಅಂಗಡಿಯಿಂದ ಬಂದ, ಸೀಲು ಒಡೆಯದ ಪೊಟ್ಟಣದ ತಿಂಡಿ ಮಾತ್ರ ತಿನ್ನುತ್ತಿದ್ದ. ಒಂದು ಬೆಳಗ್ಗೆ ಅವಳು ಕೊಟ್ಟ ಹಾಲಿನ ಲೋಟವನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ಮೂಸಿ, ಸಿಂಕಿಗೆ ಸುರಿದು ಹೋದ. ಮೈಥಿಲಿ ಲೋಟ ಎತ್ತಿ ತಾನೂ ಮೂಸಿ ನೋಡಿದಳು. ಇದು ಬರೀ ಹೆದರಿಕೆಯಲ್ಲ, ಬೇರೇನೋ ಎಂದು ಮೊದಲ ಬಾರಿ ಅವಳಿಗೆ ಅನ್ನಿಸಿತು. ಶೇಷಾದ್ರಿಗೂ ಈ ಸಲ ಅಳುಕಾಯಿತು. ಪರೀಕ್ಷೆ ಮುಗಿಯಲಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗೋಣ ಎಂದ.

ಪರೀಕ್ಷೆ ಮುಗಿಯುವವರೆಗೆ ಅದು ಕಾಯಲಿಲ್ಲ. ಒಂದು ಶುಕ್ರವಾರ ಸಂಜೆ ಅಪ್ಪ ಅಮ್ಮಂದಿರು ಮಕ್ಕಳನ್ನು ಕರೆದೊಯ್ಯಲು ಬರುವ ಹೊತ್ತು. ಬಾಗಿಲಲ್ಲಿ ಜಯರಾಮ್ ಎಂಬವರು ತಮ್ಮ ಮಗಳಿಗೆ ಶೂ ಹಾಕುತ್ತಿದ್ದರು. ಹಿಂದಿನ ಕೋಣೆಯಿಂದ ಸುಜಯ್ ಬರಿಗಾಲಲ್ಲಿ ಬಂದ. ಒಂದು ಕುರ್ಚಿ ಎಳೆದು, ಅದರ ಮೇಲೆ ಹತ್ತಿ, ಮೂಲೆಯ ಕ್ಯಾಮೆರಾವನ್ನು ವೈರಿನ ಸಮೇತ ಕಿತ್ತ. ಆಮೇಲೆ ಇನ್ನೊಂದನ್ನು. ಮಕ್ಕಳು ಅಳತೊಡಗಿದವು. ಅವನು ಯಾರನ್ನೂ ಮುಟ್ಟಲಿಲ್ಲ, ಕೂಗಲೂ ಇಲ್ಲ. ಜಯರಾಮ್ ಅವರ ಎದುರಿಗೆ ಬಂದು ನಿಂತು, ನೀವು ದಿನಾ ಕಾರು ನಿಧಾನ ಮಾಡಿ ನನ್ನ ಕಿಟಕಿಯ ಕಡೆ ಲೈಟು ಹಾಕುವುದು ಯಾಕೆ ಎಂದು ನನಗೆ ಗೊತ್ತು, ನನ್ನ ತಲೆಯಲ್ಲಿರುವುದನ್ನು ಯಾರಿಗೆ ಕಳಿಸುತ್ತಿದ್ದೀರಿ ಹೇಳಿ ಎಂದು ತಗ್ಗಿದ ದನಿಯಲ್ಲಿ ಇಂಗ್ಲಿಷಿನಲ್ಲಿ ಕೇಳಿದ. ಜಯರಾಮ್ ಒಂದು ಶೂ ಅಲ್ಲೇ ಬಿಟ್ಟು ಮಗಳನ್ನು ಎತ್ತಿಕೊಂಡು ಹೊರಗೆ ನಡೆದರು. ಮೈಥಿಲಿಗೆ ಮಗನ ಕಣ್ಣು ಕಂಡಿತು. ಅದರಲ್ಲಿ ಕಳ್ಳತನವಿರಲಿಲ್ಲ. ಬಾವಿಗೆ ಬಿದ್ದವನ ಭಯವಿತ್ತು.

ಗಂಡಹೆಂಡತಿ ಅವನನ್ನು ಆಗಲೇ ಆಸ್ಪತ್ರೆಗೆ ಕರೆದೊಯ್ದರು. ತುರ್ತು ವಿಭಾಗದಲ್ಲಿ ಒಂದು ರಾತ್ರಿ ಇಟ್ಟುಕೊಂಡರು. ಮೂತ್ರದ ಪರೀಕ್ಷೆಯಲ್ಲಿ ಗಾಂಜಾದ ಅಂಶ ಕಂಡಿತು. ಬೇರೇನೂ ಇರಲಿಲ್ಲ. ಮರುದಿನ ಬೆಳಗ್ಗೆ ಹದಿಹರೆಯದವರನ್ನು ನೋಡುವ ಮನೋವೈದ್ಯೆ ಡಾಕ್ಟರ್ ಟ್ರಾನ್ ಬಂದರು. ಐವತ್ತು ದಾಟಿದ ಹೆಂಗಸು, ವಿಯೆಟ್ನಾಮಿನಿಂದ ಬಂದ ಕುಟುಂಬದವರು, ಅವಸರವಿಲ್ಲದ ಮಾತು. ಪುಟ್ಟ ಕೋಣೆಯೊಂದರಲ್ಲಿ ಅಪ್ಪ, ಅಮ್ಮ, ಮಗ ಮೂವರನ್ನೂ ಕೂರಿಸಿಕೊಂಡರು. ಅವರು ಕೇಳಿದ್ದು ಸುಜಯ್‌ನನ್ನು.

ಅವನು ಬಾಯಿಬಿಟ್ಟ. ಕಾರುಗಳು, ಲೈಟುಗಳು, ಅನ್ನದಲ್ಲಿ ಬೆರೆಸಿದ ಏನೋ ಒಂದು, ತಲೆಯೊಳಗಿನ ಯೋಚನೆ ಹೊರಗೆ ಸೋರುವುದು. ಮತ್ತೆ, ತನ್ನ ಕೋಣೆಯಲ್ಲೊಂದು ಕ್ಯಾಮೆರಾ ಇದೆ, ಹುಡುಕಿದರೂ ಸಿಗುತ್ತಿಲ್ಲ, ತಾನು ಎಲ್ಲಿ ಏನು ಬಚ್ಚಿಟ್ಟರೂ ಮಾಯವಾಗುತ್ತದೆ, ಯಾರಿಗೂ ಗೊತ್ತಿಲ್ಲದ ಜಾಗದಿಂದಲೂ ಮಾಯವಾಗುತ್ತದೆ, ಹಾಗಾದರೆ ಯಾರೋ ನೋಡುತ್ತಿರಲೇಬೇಕಲ್ಲ ಎಂದ. ಡಾಕ್ಟರು ತಲೆಯಾಡಿಸುತ್ತ ಕೇಳಿಸಿಕೊಂಡರು. ಆಮೇಲೆ ತಂದೆತಾಯಿಯ ಕಡೆ ತಿರುಗಿ, ಮನೆಯಲ್ಲಿ ಅಂಥದ್ದೇನಾದರೂ ಇದೆಯೇ ಎಂದು ವಾಡಿಕೆಯ ಪ್ರಶ್ನೆ ಎಂಬಂತೆ ಕೇಳಿದರು.

ಶೇಷಾದ್ರಿ ನೇರವಾಗಿ, ಮನಸ್ಸಿನಲ್ಲಿ ಒಂದಿಷ್ಟೂ ಕಪಟವಿಲ್ಲದೆ ಹೇಳಿದ. ಡೇಕೇರಿನ ಕೋಣೆಯಲ್ಲಿ ಮಾತ್ರ ಕ್ಯಾಮೆರಾ ಇತ್ತು, ಮಗನ ಕೋಣೆಯಲ್ಲಿ ಖಂಡಿತ ಇಲ್ಲ ಎಂದ.

ಸುಜಯ್ ಅಪ್ಪನನ್ನು ನೋಡಲಿಲ್ಲ. ಅಮ್ಮನನ್ನು ನೋಡಿದ. ಮೈಥಿಲಿ ನೆಲ ನೋಡುತ್ತಿದ್ದಳು. ಸುಮ್ಮನಿದ್ದರೆ ಸಾಕಿತ್ತು. ಮನೆಗೆ ಹೋದ ಕೂಡಲೇ ಅದನ್ನು ತೆಗೆದು ಎಸೆದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗಂಡನ ಎದುರು, ಡಾಕ್ಟರ ಎದುರು ಹೇಗೆ ಹೇಳುವುದು, ಮಕ್ಕಳನ್ನು ನೋಡಿಕೊಳ್ಳುವ ಹೆಂಗಸು ಹೀಗೆ ಮಾಡಿದಳೆಂದು ಬರೆದುಕೊಂಡರೆ ಮುಂದೇನು ಎಂಬ ಹೆದರಿಕೆಯಿತ್ತು. ಆದರೆ ಡಾಕ್ಟರು ಮೃದುವಾಗಿ ಸುಜಯ್‌ಗೆ ಹೇಳತೊಡಗಿದ್ದರು: ನಿದ್ದೆಗೆಟ್ಟ ಮಿದುಳು ಕೆಲವೊಮ್ಮೆ ಇಲ್ಲದ್ದನ್ನು ಇದೆ ಎಂದು ತೋರಿಸುತ್ತದೆ, ಅದು ನಿನ್ನ ತಪ್ಪಲ್ಲ. ಸುಜಯ್ ನಿಧಾನವಾಗಿ ತಲೆ ತಗ್ಗಿಸಿದ. ತನ್ನ ಕಣ್ಣನ್ನೇ ತಾನು ನಂಬಬಾರದು ಎಂದು ಒಪ್ಪಿಕೊಳ್ಳಲು ಹೊರಟಿದ್ದ.

ಮೈಥಿಲಿಗೆ ತಡೆಯಲಾಗಲಿಲ್ಲ. ಇಂಗ್ಲಿಷು ಬಾಯಿಗೆ ಬರಲಿಲ್ಲ.

"ಸುಜಯ್, ಕ್ಯಾಮೆರಾ ಇದೆ ಕಣೋ. ನಿನ್ನ ಪುಸ್ತಕದ ಕಪಾಟಿನಲ್ಲಿ. ನಾನೇ ಇಟ್ಟಿದ್ದು. ಸಾಮಾನು ತೆಗೆದು ಎಸೆದವಳೂ ನಾನೇ. ನೀನು ಕೇಳಿದಾಗ ಸುಳ್ಳು ಹೇಳಿದೆ."

ಶೇಷಾದ್ರಿ ಹೆಂಡತಿಯನ್ನು ಹೊಸಬಳನ್ನು ನೋಡುವಂತೆ ನೋಡಿದ. ಕನ್ನಡ ತಿಳಿಯದ ಡಾಕ್ಟರು, ಅಮ್ಮ ಏನು ಹೇಳಿದರು ಎಂದು ಕೇಳಿದರು. ಅವರಿಗೆ ಇಂಗ್ಲಿಷಿನಲ್ಲಿ ತಿಳಿಸಿದವನು ಸುಜಯ್‌ನೇ. ಕ್ಯಾಮೆರಾ ಇದೆಯಂತೆ, ಅಮ್ಮನೇ ಇಟ್ಟಿದ್ದಂತೆ, ಎಂದ. ಹೇಳುತ್ತಿದ್ದಂತೆ ಅವನಿಗೆ ನಗು ಬಂತು, ನಗು ಅಳುವಾಯಿತು, ಮುಖವನ್ನು ಅಂಗಿಯ ತೋಳಿನಿಂದ ಉಜ್ಜಿಕೊಂಡ. ಡಾಕ್ಟರು ಅವನಿಗೆ ಸಮಯ ಕೊಟ್ಟರು. ಆಮೇಲೆ, ಇದು ನನಗೆ ಗೊತ್ತಾಗಿದ್ದು ಬಹಳ ಒಳ್ಳೆಯದಾಯಿತು, ಹಾಗಾದರೆ ನೀನು ಕಂಡುಕೊಂಡಿದ್ದರಲ್ಲಿ ಒಂದು ನಿಜ, ಉಳಿದವನ್ನೂ ಅಮ್ಮನನ್ನೇ ಕೇಳಿ ನೋಡೋಣ ಎಂದರು.

ಸುಜಯ್ ಅಮ್ಮನ ಕಡೆ ತಿರುಗಿದ. ಅಪರೂಪಕ್ಕೆ ಕನ್ನಡದಲ್ಲೇ ಕೇಳಿದ, ಪದಗಳನ್ನು ತಡಕಾಡುತ್ತ.

"ಜಯರಾಮ್ ಅಂಕಲ್ ಕಾರು?"

"ಅದು ನಿಜ ಅಲ್ಲ ಮಗು. ಅವರು ಮಗಳನ್ನ ಕರ್ಕೊಂಡು ಹೋಗೋಕೆ ಬರ್ತಾರೆ, ಅಷ್ಟೇ."

"ಊಟದಲ್ಲಿ?"

"ಏನೂ ಹಾಕಿಲ್ಲ. ನಿನ್ನಾಣೆ."

"ಡೇಕೇರ್ ಕ್ಯಾಮೆರಾದಲ್ಲಿ ನಾನು ಕಾಣ್ತೀನಾ?"

ಅವಳು ಯೋಚಿಸಿದಳು. ಸುಳ್ಳು ಹೇಳಿ ಸಮಾಧಾನ ಮಾಡುವ ಕಾಲ ಮುಗಿದಿತ್ತು. "ನೀನು ಬಾಗಿಲಿನಿಂದ ಒಳಗೆ ಬರೋವಾಗ ಒಂದು ಕ್ಷಣ ಕಾಣ್ತೀಯ. ಆ ಮಕ್ಕಳ ಅಪ್ಪ ಅಮ್ಮ ನೋಡಬಹುದು. ಆದರೆ ಯಾರೂ ನಿನ್ನನ್ನ ನೋಡೋಕೆ ಅಂತ ನೋಡಲ್ಲ."

ಅವನು ಪೂರ್ತಿ ನಂಬಲಿಲ್ಲ. ಕಾರಿನ ವಿಷಯವನ್ನು ಮತ್ತೆ ಎರಡು ಸಲ ಕೇಳಿದ. ಪ್ರತಿ ಸಲವೂ ಅವಳು ಮೊದಲು ಹೇಳಿದಷ್ಟೇ ಹೇಳಿದಳು.

ಆಮೇಲೆ ಡಾಕ್ಟರು ಗಂಡಹೆಂಡಿರನ್ನು ಮಾತ್ರ ಕೂರಿಸಿಕೊಂಡು ವಿವರಿಸಿದರು. ಈ ವಯಸ್ಸಿನ ಮಿದುಳು ಇನ್ನೂ ಕಟ್ಟುತ್ತಿರುವ ಮನೆಯಂತೆ, ಇಪ್ಪತ್ತೈದರವರೆಗೂ ಕೆಲಸ ನಡೆದೇ ಇರುತ್ತದೆ. ಗಾಂಜಾದಲ್ಲಿರುವಂಥದೇ ವಸ್ತುವನ್ನು ನಮ್ಮ ಮೈ ತಾನಾಗಿ ಹನಿಹನಿಯಾಗಿ ಮಾಡಿಕೊಳ್ಳುತ್ತದೆ. ಗಾಬರಿ ಇಳಿಸಲು, ನರಗಳು ಸರಿಯಾಗಿ ಹೆಣೆದುಕೊಳ್ಳಲು ಅದು ಬೇಕು. ಹೊರಗಿನಿಂದ ಬಿಂದಿಗೆಗಟ್ಟಲೆ ಸುರಿದರೆ ಆ ಹೆಣಿಗೆ ಕೆಡುತ್ತದೆ. ಈಗ ಸಿಗುವ ಎಣ್ಣೆ ಹಿಂದಿನ ಕಾಲದ ಸೊಪ್ಪಿಗಿಂತ ಎಷ್ಟೋ ಪಟ್ಟು ಗಟ್ಟಿ. ಎಳೆದವರೆಲ್ಲ ಹೀಗಾಗುವುದಿಲ್ಲ, ಆದರೆ ಕೆಲವರಿಗೆ ಆಗುತ್ತದೆ, ಇವನು ಆ ಕೆಲವರಲ್ಲಿ ಒಬ್ಬ. ನಿದ್ದೆ ಬರಲೆಂದು, ಎದೆಬಡಿತ ಇಳಿಯಲೆಂದು ಶುರು ಮಾಡಿದೆ ಎಂದು ಅವನೇ ಹೇಳಿದ್ದಾನೆ. ಅದೇ ನಿದ್ದೆ ಕಿತ್ತುಕೊಂಡಿತು, ಅದೇ ಭಯ ತಂದಿತು.

ಮೈಥಿಲಿ ಕೇಳಲೇಬೇಕಾದ್ದನ್ನು ಕೇಳಿದಳು. ಇದು ಎಣ್ಣೆಯಿಂದ ಆಗಿದ್ದೋ, ನನ್ನಿಂದ ಆಗಿದ್ದೋ?

ಡಾಕ್ಟರು ಸಮಾಧಾನದ ಮಾತು ಹೇಳಲಿಲ್ಲ. ಎಷ್ಟು ಯಾವುದರಿಂದ ಎಂದು ತೂಕ ಮಾಡಿ ಹೇಳುವ ತಕ್ಕಡಿ ತಮ್ಮ ಬಳಿ ಇಲ್ಲ ಎಂದರು. ಓದಿನ ಒತ್ತಡವಿತ್ತು, ನಿದ್ದೆಯಿರಲಿಲ್ಲ, ಎಣ್ಣೆಯಿತ್ತು. ಅದರ ಮೇಲೆ ಮನೆಯಲ್ಲೇ ಯಾರೋ ಕಣ್ಣಿಟ್ಟಿದ್ದಾರೆಂಬ ಅನುಮಾನ, ಅದೂ ನಿಜವಾದ ಅನುಮಾನ. ಕ್ಯಾಮೆರಾ ರೋಗ ತಂದಿತು ಎನ್ನಲಾರೆ, ಒಳ್ಳೆಯದು ಮಾಡಿತು ಎಂದೂ ಹೇಳಲಾರೆ ಎಂದರು.

ಮನೆಗೆ ಬಂದ ದಿನ ಸುಜಯ್ ತಾನೇ ಕಪಾಟಿನಿಂದ ಕ್ಯಾಮೆರಾ ತೆಗೆದು ಅಪ್ಪನ ಕೈಗೆ ಕೊಟ್ಟ. ಶೇಷಾದ್ರಿ ಹಲವು ದಿನ ಹೆಂಡತಿಯ ಜೊತೆ ಬೇಕಾದಷ್ಟು ಮಾತ್ರ ಮಾತಾಡಿದ. ನನಗಾದರೂ ಹೇಳಬಹುದಿತ್ತಲ್ಲ ಎಂದು ಒಮ್ಮೆ ಕೇಳಿದ. ನೀವು ಕೇಳಿಸಿಕೊಳ್ಳುತ್ತಿದ್ದಿರಾ ಎಂದು ಅವಳು ತಿರುಗಿ ಕೇಳಿದಳು. ಆಮೇಲಿನಿಂದ ಅವನು ಆಫೀಸಿನಿಂದ ಬೇಗ ಬಂದು ಮಗನ ಜೊತೆ ಸಂಜೆ ನಡೆಯಲು ಹೋಗತೊಡಗಿದ.

ಡೇಕೇರಿನ ತಂದೆತಾಯಿಗಳಿಗೆ ಮೈಥಿಲಿ ಒಬ್ಬೊಬ್ಬರಿಗೇ ಫೋನು ಮಾಡಿ ನಡೆದದ್ದನ್ನು ಹೇಳಿದಳು, ಸೋಫಾದ ಸಂದಿಯಲ್ಲಿ ಸಿಕ್ಕಿದ್ದನ್ನೂ ಸೇರಿಸಿ. ಲೈಸೆನ್ಸು ಕೊಡುವ ಇಲಾಖೆಯವರಿಗೂ ತಾನೇ ತಿಳಿಸಿದಳು. ಬೇಸಿಗೆಯೆಲ್ಲ ಡೇಕೇರು ಮುಚ್ಚಿತ್ತು. ಜಯರಾಮ್ ದಂಪತಿ ಮಗಳನ್ನು ಮತ್ತೆ ಕಳಿಸಲಿಲ್ಲ. ದೂರಲಿಲ್ಲ, ಸಿಟ್ಟಾಗಲಿಲ್ಲ, ಸುಮ್ಮನೆ ಬೇರೆ ಜಾಗ ನೋಡಿಕೊಂಡರು. ಎಲ್ ಕಮಿನೋ ರಸ್ತೆಯ ಅಂಗಡಿಯಲ್ಲಿ ಮೆಂತ್ಯದ ಕಟ್ಟು ಆರಿಸುತ್ತಿರುವಾಗ ಗುರುತಿನವರು ಕಂಡರೆ, ಅವರು ಇನ್ನೊಂದು ಸಾಲಿಗೆ ತಿರುಗಿದರು ಎಂದು ಅವಳಿಗೆ ಅನ್ನಿಸುತ್ತಿತ್ತು. ನಿಜವಾಗಿ ತಿರುಗಿದರೋ ತನ್ನ ಕಣ್ಣಿಗೆ ಹಾಗೆ ಕಂಡಿತೋ ಎಂದು ಈಗ ಅವಳಿಗೂ ಖಾತರಿಯಿರಲಿಲ್ಲ.

ಜೂನ್ ತಿಂಗಳಲ್ಲಿ ಒಂದು ದಿನ ಕ್ಯಾಂಪ್‌ಬೆಲ್‌ಗೆ ಹೋಗಿ ರಮ್ಶಾಳ ಮನೆಯ ಬಾಗಿಲು ತಟ್ಟಿದಳು. ಕನೀಜ್ ಒಳಗೆ ಕರೆದು ಚಹಾ ಕೊಟ್ಟಳು. ಬ್ಯಾಗು ತೆರೆದದ್ದು ತಪ್ಪು, ಅನುಮಾನ ಪಟ್ಟದ್ದು ಇನ್ನೂ ದೊಡ್ಡ ತಪ್ಪು ಎಂದು ಮೈಥಿಲಿ ತಾಯಿಯ ಎದುರಿಗೇ ಮಗಳಿಗೆ ಹೇಳಿದಳು. ರಮ್ಶಾ ಬಟ್ಟಲು ಕೆಳಗಿಟ್ಟು ಹೇಳಿದಳು. ಮಧ್ಯಾಹ್ನ ತಾನು ಕಾರಿಗೆ ಹೋಗುತ್ತಿದ್ದದ್ದು ನಮಾಜಿಗೆ. ಮಕ್ಕಳ ಕೋಣೆಯಲ್ಲಿ ಕ್ಯಾಮೆರಾ ಇದೆಯಲ್ಲ, ಅದಕ್ಕೆ ಮುಜುಗರ ಎಂದಳು. ಸುಜಯ್ ಗ್ಯಾರೇಜಿನ ಹಿಂದೆ ಎಳೆಯುವುದನ್ನು ಫೆಬ್ರವರಿಯಲ್ಲೇ ನೋಡಿದ್ದಳಂತೆ. ನೀನಾಗಿ ಅಮ್ಮನಿಗೆ ಹೇಳು ಎಂದು ಅವನಿಗೆ ಹೇಳಿದ್ದಳಂತೆ.

"ನಾನೇ ನಿಮಗೆ ಹೇಳಬೇಕಿತ್ತೇನೋ ಆಂಟಿ. ಆದರೆ ನೀವು ನನ್ನನ್ನ ನಂಬುತ್ತಿದ್ದಿರಾ?"

ಮೈಥಿಲಿ ಇಲ್ಲ ಎಂದಳು. ಮತ್ತೆ ಕೆಲಸಕ್ಕೆ ಬರುತ್ತೀಯಾ ಎಂದು ಕೇಳಿದ್ದಕ್ಕೆ ರಮ್ಶಾ ನಕ್ಕು, ಬೇರೆ ಕಡೆ ಸೇರಿಕೊಂಡಿದ್ದೇನೆ ಎಂದಳು. ಸುಜಯ್‌ಗೆ ಕೊಡಿ ಎಂದು ಕನೀಜ್ ಒಂದು ಡಬ್ಬಿ ಶಾವಿಗೆ ಹಾಲಿನ ಶೀರ್ ಖುರ್ಮಾ ಕೊಟ್ಟು ಕಳಿಸಿದಳು.

ಸುಜಯ್‌ಗೆ ಸಣ್ಣ ಪ್ರಮಾಣದ ಮಾತ್ರೆ ಶುರುವಾಗಿತ್ತು. ವಾರಕ್ಕೊಮ್ಮೆ ಕ್ಲಿನಿಕ್ಕು. ಕಾರುಗಳ ಭಯ ಮೊದಲು ಇಳಿಯಿತು, ಊಟದ ಭಯ ಹೋಗಲು ಬೇಸಿಗೆ ಮುಗಿಯಬೇಕಾಯಿತು. ಅನ್ನ ಬೇಯುವಾಗ ಬಂದು ಒಲೆಯ ಪಕ್ಕ ನಿಲ್ಲುತ್ತಿದ್ದ. ಅವಳು ಏನೂ ಕೇಳದೆ, ಹಾಕಿದ ಉಪ್ಪು, ಹುಳಿ, ಎಲ್ಲವನ್ನೂ ಅವನಿಗೆ ಕಾಣುವ ಹಾಗೆ ಹಾಕುತ್ತಿದ್ದಳು. ಶಾಲೆ ಶುರುವಾದಾಗ ಅರ್ಧದಷ್ಟು ಕ್ಲಾಸುಗಳನ್ನು ಬಿಟ್ಟ. ಮರೆವು ಇತ್ತು, ಓದಿದ್ದು ತಲೆಗೆ ಹತ್ತಲು ಹೊತ್ತು ಬೇಕಾಗುತ್ತಿತ್ತು. ಮಾತ್ರೆಯಿಂದಲೋ, ಕಾಯಿಲೆಯಿಂದಲೋ, ಎಣ್ಣೆಯಿಂದಲೋ, ಅದನ್ನೂ ಯಾರೂ ಖಚಿತವಾಗಿ ಹೇಳಲಿಲ್ಲ.

ಮೈಥಿಲಿಯ ಅನುಮಾನ ಸತ್ತಿರಲಿಲ್ಲ. ಅವನು ಹೊರಗಿನಿಂದ ಬಂದಾಗ ಮೂಗು ತಾನಾಗಿ ಅರಳು‌ತ್ತಿತ್ತು. ಕೋಣೆಯ ಬಾಗಿಲು ಮುಚ್ಚಿದರೆ ಕೈ ಹಿಡಿಕೆಯ ಕಡೆ ಹೋಗುತ್ತಿತ್ತು. ಕೈಯನ್ನು ಹಿಂದಕ್ಕೆಳೆದುಕೊಂಡು ತಟ್ಟುತ್ತಿದ್ದಳು, ಒಳಗಿನಿಂದ ದನಿ ಬರುವವರೆಗೆ ಕಾಯುತ್ತಿದ್ದಳು. ಅವಳಿಗೆ ಇದಕ್ಕಿಂತ ಕಷ್ಟದ ಕೆಲಸ ಇನ್ನೊಂದಿರಲಿಲ್ಲ.

ಅಕ್ಟೋಬರ್‌ನಲ್ಲಿ ಒಂದು ಸಂಜೆ ಅವನು ಪಾರ್ಕಿನಿಂದ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತ. ಕಣ್ಣು ಕೆಂಪಾಗಿತ್ತು. ಅವಳು ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿದಳು. ಕೇಳುವ ಮೊದಲೇ ಅವನು ಹೇಳಿದ. ಹಳೆಯ ಸ್ನೇಹಿತ ಸಿಕ್ಕಿದ್ದ, ಕೈಗೆ ಕೊಟ್ಟ, ಒಂದು ಸಲ ಎಳೆದೆ. ಎಳೆದ ಮೇಲೆ ಹೆದರಿಕೆಯಾಯಿತು, ಬಂದುಬಿಟ್ಟೆ.

ಒಂದೇ ಸಲವೋ? ಇವತ್ತೇ ಮೊದಲೋ? ಜೇಬಿನಲ್ಲಿ ಏನಾದರೂ ಇದೆಯೋ? ಪ್ರಶ್ನೆಗಳೆಲ್ಲ ಅವಳ ನಾಲಗೆಯ ತುದಿಗೆ ಬಂದು ನಿಂತವು. ಅವನು ಹೇಳಿದ್ದರಲ್ಲಿ ಅರ್ಧವನ್ನು ಮಾತ್ರ ಅವಳು ನಂಬಿದಳು. ಆದರೆ ಹೇಳಿದನಲ್ಲ.

"ಡಾಕ್ಟರಿಗೆ ಹೇಳೋಣವಾ?" ಎಂದಳು.

ಅವನು ಹೂಂ ಎಂದು ತಲೆಯಾಡಿಸಿದ. ಕ್ಲಿನಿಕ್ಕಿಗೆ ಇಬ್ಬರೂ ಸೇರಿ ಸ್ಪೀಕರಿನಲ್ಲೇ ಫೋನು ಮಾಡಿದರು. ಮರುದಿನ ಬೆಳಗ್ಗೆಯೇ ಬರಲು ಹೇಳಿದರು. ಇಷ್ಟು ತಿಂಗಳು ಸುಜಯ್ ಒಬ್ಬನೇ ಒಳಗೆ ಹೋಗುತ್ತಿದ್ದ, ಅವಳು ಕಾರಿನಲ್ಲಿ ಕಾಯುತ್ತಿದ್ದಳು. ಅದು ಅವನೇ ಹಾಕಿದ ಷರತ್ತು. ಅಂದು ಕಾರು ನಿಲ್ಲಿಸಿದ ಮೇಲೆ ಅವನು ಇಳಿದು, ಎರಡು ಹೆಜ್ಜೆ ಹೋಗಿ, ತಿರುಗಿ ಬಂದು ಅವಳ ಕಿಟಕಿಯ ಗಾಜು ತಟ್ಟಿದ.

"ನೀನೂ ಬಾ ಅಮ್ಮ."

ಅವಳು ಸೀಟ್‌ಬೆಲ್ಟು ಬಿಚ್ಚಿ ಇಳಿದು ಅವನ ಹಿಂದೆ ನಡೆದಳು.